ಇಂದಿನ ಧಮ್ಮ ಚಿಂತನೆ: ರಾಜಗೃಹಕ್ಕೆ ನಡೆದು ಬಂದವರು

ಹೈಸ್ಕೂಲಿಗೆ ನಾನು ಊರಿನಿಂದ ಪೇಟೆಗೆ ನಡೆದೇ ಹೋಗುತ್ತಿದ್ದೆ. ಊರಲ್ಲಿ ನಾನು ಯಾವ ಕೇರಿಯವನೆಂದು ಎಲ್ಲರಿಗೂ ಗೊತ್ತು. ಪೇಟೆಯ ಮೊದಲ ಅಂಗಡಿ ದಾಟಿದರೆ ಯಾರಿಗೂ ಗೊತ್ತಿಲ್ಲ. ಅಲ್ಲಿ ಎದೆ ಹಗುರಾಗುತ್ತಿದ್ದುದು ನಿಮ್ಮಲ್ಲಿ ಹಲವರಿಗೂ ನೆನಪಿರಬಹುದು. ಹಾಗೆಯೇ ನಡೆದು ಒಂದು ಮಹಾನಗರವನ್ನು ಹೊಕ್ಕ ಭಗವಾನ್ ಬುದ್ಧರ ಬದುಕಿನ ಎರಡು ಬೆಳಗುಗಳನ್ನು ಇಂದು ನೆನೆಯೋಣ.

ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟರು. ಸಿದ್ಧಾರ್ಥರು ಸಂಘದ ಸಭೆಯಲ್ಲೇ ಎದ್ದು ವಿರೋಧಿಸಿದರು. ಬಹುಮತ ಅವರ ವಿರುದ್ಧ ಬಂತು. ತನ್ನಿಂದ ಮನೆಯವರಿಗೆ ಬಹಿಷ್ಕಾರ ಬರಬಾರದು, ಅವರ ಜಮೀನು ಹೋಗಬಾರದು ಎಂದು ತಾವೇ ಪರಿವ್ರಾಜಕರಾಗಿ ದೇಶ ಬಿಡಲು ಒಪ್ಪಿದರು. ಬಾಬಾಸಾಹೇಬರು ಗೃಹತ್ಯಾಗವನ್ನು ನಮಗೆ ಹೇಳಿಕೊಟ್ಟಿದ್ದು ಹೀಗೆ. ಆಗ ಸಿದ್ಧಾರ್ಥರಿಗೆ 29 ವರ್ಷ.

ಅನೋಮಾ ನದಿಯ ದಡದಲ್ಲಿ ಚನ್ನನನ್ನೂ ಕಂಥಕ ಕುದುರೆಯನ್ನೂ ಹಿಂದಕ್ಕೆ ಕಳಿಸಿದರು. ಅಲ್ಲಿಂದ ಮುಂದೆ ಕಾಲ್ನಡಿಗೆ. ಕಪಿಲವಸ್ತುವಿನಿಂದ ರಾಜಗೃಹಕ್ಕೆ ನೂರಾರು ಮೈಲಿ. ಮಗಧದ ರಾಜಧಾನಿಯಾದ ಆ ನಗರದಲ್ಲಿ ದೊಡ್ಡ ದೊಡ್ಡ ಚಿಂತಕರಿದ್ದಾರೆಂದು ಕೇಳಿ ಹೊರಟವರು ಅವರು. ದಾರಿಯಲ್ಲಿ ಆಶ್ರಮಗಳಲ್ಲಿ ತಂಗಿ, ಗಂಗೆಯನ್ನು ದಾಟಿ, ಐದು ಬೆಟ್ಟಗಳ ನಡುವಿನ ರಾಜಗೃಹವನ್ನು ಸೇರಿದರು.

ಅಲ್ಲಿ ಅವರು ಯಾರ ಮಗನೆಂದು ಯಾರಿಗೂ ಗೊತ್ತಿರಲಿಲ್ಲ. ಕೈಯಲ್ಲಿ ಭಿಕ್ಷಾಪಾತ್ರೆ. ಮನೆ ಮನೆಯ ಮುಂದೆ ನಿಂತರು, ಕೊಟ್ಟಿದ್ದನ್ನು ಪಡೆದರು. ಪಾಂಡವ ಬೆಟ್ಟದ ನೆರಳಿಗೆ ಬಂದು ಊಟಕ್ಕೆ ಕುಳಿತರು. ಪಾತ್ರೆಯಲ್ಲಿ ಹತ್ತಾರು ಮನೆಯ ಅನ್ನ ಕಲಸಿಹೋಗಿತ್ತು. ನೋಡಿದೊಡನೆ ಕರುಳು ಕಿತ್ತು ಬಾಯಿಗೆ ಬಂದಂತಾಯಿತು ಎನ್ನುತ್ತದೆ ಪಾಲಿ ನಿದಾನಕಥೆ. ಅಂಥ ಊಟವನ್ನು ಅವರು ಕಣ್ಣಿನಿಂದಲೂ ಕಂಡಿರಲಿಲ್ಲ. ಇದನ್ನು ಆರಿಸಿಕೊಂಡವನು ನಾನೇ ಅಲ್ಲವೇ ಎಂದು ತಮಗೆ ತಾವೇ ಬುದ್ಧಿ ಹೇಳಿಕೊಂಡು ಉಂಡರು.

ಬಂಧುಗಳೇ, ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮಜ್ಜಿ ಮುಸ್ಸಂಜೆಯಲ್ಲಿ ಪಾತ್ರೆ ಹಿಡಿದು ಮೇಲಿನ ಕೇರಿಗೆ ಹೋಗುತ್ತಿದ್ದಳು. ಜಗಲಿಯಿಂದ ದೂರ ನಿಂತು ಕೂಗುತ್ತಿದ್ದಳು. ಮೇಲಿನಿಂದ ಮುದ್ದೆ ಬೀಳುತ್ತಿತ್ತು. ಹತ್ತು ಮನೆಯ ಸಾರು ಒಂದೇ ಪಾತ್ರೆಯಲ್ಲಿ. ಅದನ್ನೇ ನಮ್ಮಪ್ಪ ಉಂಡು ಬೆಳೆದ. ಅಜ್ಜಿಗೆ ಆಯ್ಕೆ ಎಲ್ಲಿತ್ತು? ಬೇಕೆಂದೇ ಬೇಡಿದ ಕ್ಷತ್ರಿಯನಿಗೆ ಬೇರೆ ದಾರಿಯಿಲ್ಲದೆ ಬೇಡಿದವಳ ಸಂಕಟ ಹೇಗೆ ತಿಳಿದೀತು? ಈ ಪ್ರಶ್ನೆ ಬಹಳ ವರ್ಷ ನನ್ನಲ್ಲಿ ಉಳಿದಿತ್ತು.

ಮುಂದಿನ ಕಥೆ ನಿಮಗೆ ಗೊತ್ತು. ಬಿಂಬಿಸಾರ ರಾಜ ಆ ಬೆಟ್ಟಕ್ಕೇ ಬಂದು ಅರ್ಧ ರಾಜ್ಯ ಕೊಡುವುದಾಗಿ ಹೇಳಿದ. ಸಿದ್ಧಾರ್ಥರು ಒಪ್ಪಲಿಲ್ಲ. ಶಾಕ್ಯರೂ ಕೋಲಿಯರೂ ರಾಜಿಯಾದರೆಂಬ ಸುದ್ದಿ ಬಂದಾಗಲೂ ಅರಮನೆಗೆ ಮರಳಲಿಲ್ಲ. ಒಂದು ಜಗಳ ಮುಗಿದರೂ ಮನುಷ್ಯ ಮನುಷ್ಯರ ನಡುವಿನ ಸಂಘರ್ಷಕ್ಕೆ ಉತ್ತರ ಸಿಕ್ಕಿರಲಿಲ್ಲ. 35ನೇ ವಯಸ್ಸಿನಲ್ಲಿ ಬೋಧಿವೃಕ್ಷದ ಕೆಳಗೆ ಅವರು ಬುದ್ಧರಾದರು. ಮತ್ತೆ ರಾಜಗೃಹಕ್ಕೆ ನಡೆದೇ ಬಂದರು. ಬಿಂಬಿಸಾರ ವೇಳುವನವನ್ನು ಸಂಘಕ್ಕೆ ದಾನ ಮಾಡಿದ.

ನಾನು ಹೇಳಬೇಕೆಂದಿರುವ ಎರಡನೆಯ ಬೆಳಗು ಅದೇ ನಗರದ್ದು. ಬುದ್ಧರು ಭಿಕ್ಷೆಗಾಗಿ ನಗರದೊಳಕ್ಕೆ ಬರುತ್ತಿದ್ದರು, ಹಿಂದೆ ಭಿಕ್ಷುಗಳ ಸಾಲು. ಬೀದಿಯಲ್ಲಿ ಸುನೀತ ಎಂಬ ಜಾಡಮಾಲಿ ಕಸ ಗುಡಿಸಿ ಬುಟ್ಟಿಗೆ ತುಂಬುತ್ತಿದ್ದ. ದೊಡ್ಡವರು ಬಂದಾಗ ಅವನು ಮರೆಯಾಗಬೇಕು. ಅಂದು ಮರೆಯಾಗಲು ಜಾಗವೇ ಸಿಗಲಿಲ್ಲ. ಹೆಗಲ ಮೇಲಿನ ಅಡ್ಡೆಯನ್ನು ಗೋಡೆಗೆ ಒರಗಿಸಿ, ತಾನೂ ಗೋಡೆಗೆ ಅಂಟಿಕೊಂಡವನಂತೆ ಕೈ ಮುಗಿದು ನಿಂತ.

ಬುದ್ಧರು ಅವನನ್ನು ದಾಟಿ ಹೋಗಲಿಲ್ಲ. ಹತ್ತಿರ ಬಂದು ಮಾತಾಡಿಸಿದರು. ಈ ಕೆಲಸ ಬಿಟ್ಟು ಸಂಘಕ್ಕೆ ಬರುವೆಯಾ ಎಂದು ಕೇಳಿದರು. ಸುನೀತ ಒಪ್ಪಿದ. ಬುದ್ಧರು ಅವನನ್ನು ಭಿಕ್ಷು ಎಂದು ಕರೆದು ತಮ್ಮ ಜೊತೆಗೇ ವಿಹಾರಕ್ಕೆ ಕರೆದೊಯ್ದರು. ಸುನೀತ ಮುಂದೆ ಅರಹಂತನಾದ.

ನನ್ನ ಸಿಟ್ಟು ಕರಗಿದ್ದು ಇಲ್ಲಿ. ಅಜ್ಜಿಯ ಪಾತ್ರೆಗೆ ಮುದ್ದೆ ಹಾಕಿದವರು ಊರಲ್ಲಿ ಬೇಕಾದಷ್ಟು ಜನರಿದ್ದರು. ಜಗಲಿ ಇಳಿದು ಅವಳ ಬಳಿಗೆ ಬಂದವರು ಒಬ್ಬರೂ ಇರಲಿಲ್ಲ. ಬುದ್ಧರು ಸುನೀತನಿಗೆ ಅನ್ನ ಹಾಕಿ ಮುಂದೆ ಹೋಗಲಿಲ್ಲ, ತಮ್ಮ ಸಾಲಿನಲ್ಲೇ ಜಾಗ ಕೊಟ್ಟರು. ಎಲ್ಲ ಮನೆಯ ಅನ್ನವನ್ನೂ ಒಂದೇ ಪಾತ್ರೆಯಲ್ಲಿ ಉಣ್ಣಲು ಅದೇ ಊರಲ್ಲಿ ಕಲಿತವರು ಅವರು. ಹೇಸಿಗೆ ಎಂಬುದು ಎದುರಿನವನಲ್ಲಿ ಇಲ್ಲ, ನೋಡುವವನ ಅಭ್ಯಾಸದಲ್ಲಿದೆ ಎಂದು ಅವರಿಗೆ ಅಂದೇ ತಿಳಿದಿರಬೇಕು. ಹೀಗೆಂದು ಯಾವ ಗ್ರಂಥದಲ್ಲೂ ನಾನು ಓದಿಲ್ಲ, ಇದು ನನ್ನ ಯೋಚನೆ.

ಈಗ ನಮ್ಮ ಮಾತು. ನಾವೂ ಕೇರಿಯಿಂದ ನಡೆದು ಬಂದವರು. ಓದಿದೆವು, ನೌಕರಿ ಹಿಡಿದೆವು, ಬಡಾವಣೆಯಲ್ಲಿ ಮನೆ ಕಟ್ಟಿದೆವು. ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಕಸದ ಗಾಡಿ ನಿಲ್ಲುತ್ತದೆ. ಗಾಡಿಯ ಹಿಂದಿರುವ ಆ ತಾಯಿ ಹೆಚ್ಚಿನ ಕಡೆ ನಮ್ಮ ಕೇರಿಯವಳೇ. ಎರಡು ವರ್ಷ ನಾನು ಅವಳ ಕೈಗೆ ಬುಟ್ಟಿ ಕೊಟ್ಟಿದ್ದೇನೆ, ಹೆಸರು ಕೇಳಿರಲಿಲ್ಲ. ಪಂಚಶೀಲ ಪಠಿಸಿ ಎದ್ದು ಬಂದು ಹಾಗೇ ಬುಟ್ಟಿ ಕೊಡುತ್ತಿದ್ದೆ! ಕಳೆದ ವಾರ ಕೇಳಿದೆ. ಅವಳು ಹೇಳಿದಳು, ನನ್ನ ಹೆಸರನ್ನೂ ಕೇಳಿದಳು.

ಇಂದಿನ ಸಂಕಲ್ಪ ಇಷ್ಟೇ. ನಾಳೆ ಬೆಳಿಗ್ಗೆ ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ಬಂದು ಅವರ ಹೆಸರು ಕೇಳಿ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದೂ ವಿಚಾರಿಸಿ. ಭಾನುವಾರದ ಅಧ್ಯಯನಕ್ಕೆ ಕರೆಯಿರಿ. ಬಂದರೆ ನಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳೋಣ.

ನಮೋ ಬುದ್ಧಾಯ. ಜೈ ಭೀಮ್.