ಪೂರ್ವ ಪಶ್ಚಿಮಗಳ ನಡುವೆ ವಿಲ್ಟ್ ಚೇಂಬರ್ಲೇನ್

ಸಂಜೆ ಆಟ ಮುಗಿದು ಬೂಟಿನ ಲೇಸು ಬಿಚ್ಚುವ ಹೊತ್ತಿಗೆ ನಮ್ಮ ಗುಂಪಿನಲ್ಲಿ ಒಂದು ವಾದ ಏಳುವುದುಂಟು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಟವಾದ ಎನ್.ಬಿ.ಎ.ಯಲ್ಲಿ ಪೂರ್ವದ ತಂಡಗಳು ಬಲಿಷ್ಠವೋ, ಪಶ್ಚಿಮದವು ಬಲಿಷ್ಠವೋ ಎಂಬುದೇ ಆ ವಾದ. ಈ ಕೂಟದ ತಂಡಗಳನ್ನು ದಿಕ್ಕಿಗನುಸಾರವಾಗಿ ಎರಡು ಪಂಗಡಗಳನ್ನಾಗಿ ಮಾಡಿದ್ದಾರೆ. ಒಂದೊಂದು ಪಂಗಡದಲ್ಲಿ ಗೆದ್ದು ಉಳಿದ ತಂಡಗಳೆರಡು ಕೊನೆಗೆ ಎದುರುಬದುರಾಗುತ್ತವೆ. 1970ರವರೆಗೆ ಈ ಪಂಗಡಗಳನ್ನು ಡಿವಿಷನ್ ಎನ್ನುತ್ತಿದ್ದರು, ಆಮೇಲೆ ಕಾನ್ಫರೆನ್ಸ್ ಎಂದರು.

ಒಂದು ಸಂಜೆ ಮಾತು ಹಿಂದಕ್ಕೆ ಹರಿದು ವಿಲ್ಟ್ ಚೇಂಬರ್ಲೇನನ ಮೇಲೆ ನಿಂತಿತು. ಗೆಳೆಯನೊಬ್ಬನು ಆತನನ್ನು ಸೋಲಿನ ಸರದಾರನೆಂದು ಕರೆದನು. ಬಿಲ್ ರಸೆಲನಿಗೆ ಹನ್ನೊಂದು ಪ್ರಶಸ್ತಿ, ಇವನಿಗೆ ಎರಡೇ ಎರಡು. ಇನ್ನು ವಾದವೇಕೆ ಎಂದು ನಾನೂ ತಲೆದೂಗಿದೆನು. ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ಮನೆಗೆ ಬಂದು ಹಳೆಯ ಸಾಲುಗಳ ಸೋಲುಗೆಲವಿನ ಪಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತ ಮೇಲೆ, ತಲೆದೂಗಿದ್ದು ತಪ್ಪೆಂದು ನನಗೆ ತೋರಿತು. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಚೇಂಬರ್ಲೇನನು 1936ರ ಆಗಸ್ಟ್ 21ರಂದು ಫಿಲಡೆಲ್ಫಿಯ ನಗರದಲ್ಲಿ ಒಂದು ನೀಗ್ರೋ ಕುಟುಂಬದಲ್ಲಿ ಹುಟ್ಟಿದನು. ಬೆಳೆದು ನಿಂತಾಗ ಆತನ ಎತ್ತರ ಏಳು ಅಡಿ ಒಂದು ಅಂಗುಲ. ಎತ್ತರವೊಂದೇ ಅಲ್ಲ, ಓಟ, ಎತ್ತರ ಜಿಗಿತ, ಗುಂಡು ಎಸೆತಗಳಲ್ಲಿಯೂ ಆತನು ಗಟ್ಟಿಗ. ಓವರ್‌ಬ್ರೂಕ್ ಪ್ರೌಢಶಾಲೆಯಲ್ಲಿರುವಾಗಲೇ ದೇಶದ ಕಾಲೇಜುಗಳೆಲ್ಲ ಆತನ ಬೆನ್ನು ಹತ್ತಿದುವು. ಆತನು ಆರಿಸಿಕೊಂಡದ್ದು ಕ್ಯಾನ್ಸಸ್ ವಿಶ್ವವಿದ್ಯಾನಿಲಯವನ್ನು. 1957ರಲ್ಲಿ ಕಾಲೇಜುಗಳ ಅಂತಿಮ ಪಂದ್ಯ ಮೂರು ಸಲ ಹೆಚ್ಚುವರಿ ಅವಧಿಗೆ ಬೆಳೆದು, ಕ್ಯಾನ್ಸಸ್ ತಂಡವು ನಾರ್ತ್ ಕ್ಯಾರೊಲೈನದೆದುರು 54-53ರಲ್ಲಿ ಸೋತಿತು. ಒಂದೇ ಒಂದು ಅಂಕ! ಈ ಒಂದು ಅಂಕದ ಲೆಕ್ಕ ಆತನ ಬಾಳಿನಲ್ಲಿ ಮತ್ತೆ ಬರುವುದಿದೆ.

ಓದು ಮುಗಿಯುವ ಮೊದಲೇ, 1958ರಲ್ಲಿ, ಆತನು ಕಾಲೇಜನ್ನು ಬಿಟ್ಟನು. ಸಹಪಾಠಿಗಳು ಪದವಿ ಪಡೆಯುವ ವರ್ಷದವರೆಗೆ ಎನ್.ಬಿ.ಎ. ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲವಾದುದರಿಂದ ಒಂದು ವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಸಂಚಾರಿ ವಿನೋದ ತಂಡದೊಡನೆ ಊರೂರು ತಿರುಗಿದನು. 1959ರಲ್ಲಿ ಹುಟ್ಟೂರಿನ ಫಿಲಡೆಲ್ಫಿಯ ವಾರಿಯರ್ಸ್ ತಂಡವನ್ನು ಸೇರಿದನು. ಮೊದಲ ಸಾಲಿನಲ್ಲಿಯೇ ಪಂದ್ಯವೊಂದಕ್ಕೆ ಸರಾಸರಿ 37.6 ಅಂಕ, ಬಳೆಗೆ ಬಡಿದು ಮರಳಿದ ಚೆಂಡನ್ನು ಹಿಡಿದದ್ದು ಪಂದ್ಯಕ್ಕೆ 27 ಸಲ. 1961-62ರಲ್ಲಿ ಆ ಸರಾಸರಿ 50.4ಕ್ಕೇರಿತು. ಅದೇ ಸಾಲಿನ ಮಾರ್ಚ್ 2ರಂದು, ಚಾಕಲೇಟಿಗೆ ಹೆಸರಾದ ಹರ್ಷಿ ಎಂಬ ಸಣ್ಣ ಊರಿನಲ್ಲಿ, 4,124 ಪ್ರೇಕ್ಷಕರ ಮುಂದೆ, ನ್ಯೂಯಾರ್ಕ್ ತಂಡದ ವಿರುದ್ಧ ಆತನೊಬ್ಬನೇ ನೂರು ಅಂಕಗಳನ್ನು ಗಳಿಸಿದನು. ಫ್ರೀ ಥ್ರೋಗಳಲ್ಲಿ ಬಾಳೆಲ್ಲ ತಡವರಿಸಿದ ಮನುಷ್ಯ ಅಂದು 32ರಲ್ಲಿ 28ನ್ನು ಬಳೆಯೊಳಗೆ ಹಾಕಿದ್ದು ನನಗೆ ನೂರಕ್ಕಿಂತಲೂ ದೊಡ್ಡ ಆಶ್ಚರ್ಯ.

ಇಷ್ಟಾದರೂ ಪ್ರಶಸ್ತಿಯಿಲ್ಲ. ಏಕೆಂದರೆ ಫಿಲಡೆಲ್ಫಿಯ ಇದ್ದದ್ದು ಪೂರ್ವ ಪಂಗಡದಲ್ಲಿ. ಅದೇ ಪಂಗಡದಲ್ಲಿ ಬೋಸ್ಟನ್ ಸೆಲ್ಟಿಕ್ಸ್ ಎಂಬ ತಂಡವೂ ಇತ್ತು. ಆ ತಂಡದ ನಡುಗಂಬ ಬಿಲ್ ರಸೆಲ್. 1957ರಿಂದ 1969ರವರೆಗಿನ ಹದಿಮೂರು ಸಾಲುಗಳಲ್ಲಿ ಅವರು ಹನ್ನೊಂದನ್ನು ಗೆದ್ದರು. 1962ರಲ್ಲಿ ಪೂರ್ವದ ನಿರ್ಣಾಯಕ ಏಳನೆಯ ಪಂದ್ಯದ ಕೊನೆಯ ಕ್ಷಣದಲ್ಲಿ ಸ್ಯಾಮ್ ಜೋನ್ಸನು ಹಾಕಿದ ಚೆಂಡಿನಿಂದ ಬೋಸ್ಟನ್ 109-107ರಲ್ಲಿ ಗೆದ್ದಿತು. ಅಲ್ಲಿಂದ ಅವರು ಪಶ್ಚಿಮದ ಲಾಸ್ ಏಂಜಲೀಸ್ ತಂಡವನ್ನೂ ಸೋಲಿಸಿ ಪ್ರಶಸ್ತಿ ಪಡೆದರು.

ಆ ಬೇಸಗೆಯಲ್ಲಿ ಒಂದು ವಿಚಿತ್ರ ನಡೆಯಿತು. ವಾರಿಯರ್ಸ್ ತಂಡವನ್ನು ಮಾರಿದರು. ಕೊಂಡವರು ಅದನ್ನು ಸಾನ್‌ಫ್ರಾನ್ಸಿಸ್ಕೋಗೆ ಸಾಗಿಸಿದರು. ಇಡೀ ತಂಡವೇ ಪೂರ್ವದಿಂದ ಪಶ್ಚಿಮಕ್ಕೆ ಹೋಯಿತು. ಪೂರ್ವದ ತೆರಪನ್ನು ತುಂಬಲು ಅದುವರೆಗೆ ಪಶ್ಚಿಮದಲ್ಲಿದ್ದ ಸಿನ್‌ಸಿನಾಟಿಯನ್ನು ಈಚೆಗೆ ತಂದರು. ಆ ತಂಡದ ಆಸ್ಕರ್ ರಾಬರ್ಟ್‌ಸನ್ ಎಂಥ ಆಟಗಾರನೆಂಬುದನ್ನು ಬಲ್ಲವರು ಬಲ್ಲರು. ಆತನು ಬೋಸ್ಟನ್ನಿನ ಹಿಂದೆ ಸಿಕ್ಕಿಕೊಂಡು, ಸಿನ್‌ಸಿನಾಟಿಯಲ್ಲಿದ್ದಷ್ಟು ಕಾಲವೂ ಅಂತಿಮ ಸರಣಿಯ ಮುಖವನ್ನೇ ಕಾಣಲಿಲ್ಲ.

ಇಲ್ಲಿ ನನ್ನ ರಾತ್ರಿಯ ಲೆಕ್ಕವನ್ನು ಹೇಳಿಬಿಡುತ್ತೇನೆ. ಅದು ಸುಲಭವಾದುದೇ. ಒಂದೇ ಪಂಗಡದ ಎರಡು ತಂಡಗಳು ಆಡಿದರೆ ಒಂದಕ್ಕೆ ಗೆಲವು, ಇನ್ನೊಂದಕ್ಕೆ ಸೋಲು. ಪಂಗಡದ ಒಟ್ಟು ಲೆಕ್ಕದಲ್ಲಿ ಅವೆರಡೂ ಹೊಡೆದುಹೋಗುತ್ತವೆ. ಆದುದರಿಂದ ಒಂದು ಪಂಗಡದ ಎಲ್ಲ ಗೆಲವುಗಳನ್ನು ಕೂಡಿ ಎಲ್ಲ ಸೋಲುಗಳನ್ನು ಕಳೆದರೆ, ಮಿಕ್ಕಿದ್ದೆಲ್ಲ ಎದುರು ಪಂಗಡದಿಂದ ಕಸಿದುಕೊಂಡದ್ದೇ ಆಗಿರಬೇಕು. 1961-62ರಲ್ಲಿ ಪೂರ್ವಕ್ಕೆ 179 ಗೆಲವು, 141 ಸೋಲು; ಮಿಗತೆ 38. ಚೇಂಬರ್ಲೇನನ ತಂಡ ಪಶ್ಚಿಮಕ್ಕೆ ಹೋದ ಮರುವರ್ಷ 169 ಗೆಲವು, 151 ಸೋಲು, ಮಿಗತೆ 18. ಆ ವರ್ಷ ಆತನ ತಂಡ 31 ಪಂದ್ಯಗಳನ್ನು ಮಾತ್ರ ಗೆದ್ದು 49ರಲ್ಲಿ ಸೋತಿತು. ಅಂದರೆ ಆನೆಯೊಂದು ಹೋದ ಕಡೆಗೆ ತಕ್ಕಡಿ ವಾಲಿತು ಎಂದು ಹೇಳುವಂತಿಲ್ಲ. ಗಡಿಯನ್ನು ಬೇರೆ ಕಡೆ ಎಳೆದದ್ದರಿಂದಲೇ ಅಂತರ ಅರ್ಧಕ್ಕಿಂತ ಕೆಳಗಿಳಿಯಿತು.

1963-64ರಲ್ಲಿ ವಾರಿಯರ್ಸ್ 48 ಪಂದ್ಯಗಳನ್ನು ಗೆದ್ದು ಪಶ್ಚಿಮದ ಪರವಾಗಿ ಅಂತಿಮ ಸರಣಿಗೆ ಬಂದಿತು. ಚೇಂಬರ್ಲೇನನಿಗೆ ಅದೇ ಮೊದಲ ಅಂತಿಮ ಸರಣಿ. ಬೋಸ್ಟನ್ 4-1ರಲ್ಲಿ ಗೆದ್ದಿತು. 1965ರ ಜನವರಿಯಲ್ಲಿ ಆತನನ್ನು ಮೂವರು ಆಟಗಾರರು ಮತ್ತು 1,50,000 ಡಾಲರುಗಳಿಗೆ ಬದಲಾಗಿ ಮತ್ತೆ ಫಿಲಡೆಲ್ಫಿಯಕ್ಕೆ ಕೊಟ್ಟರು. ಅಲ್ಲಿ ಈಗ ಸೆವೆಂಟಿಸಿಕ್ಸರ್ಸ್ ಎಂಬ ಬೇರೊಂದು ತಂಡ ನೆಲೆಯೂರಿತ್ತು. ಎರಡೂವರೆ ವರ್ಷಗಳ ಮೇಲೆ ಆತನು ಪೂರ್ವದವನಾದನು, ಅಂದರೆ ಮತ್ತೆ ಬೋಸ್ಟನ್ನಿನ ದಾರಿಗೆ ಬಿದ್ದನು. ಅದೇ ಏಪ್ರಿಲಿನಲ್ಲಿ ಏಳನೆಯ ಪಂದ್ಯ. ಐದು ಸೆಕೆಂಡು ಉಳಿದಿದೆ. ಬೋಸ್ಟನ್ನಿಗೆ ಒಂದು ಅಂಕದ ಮುನ್ನಡೆ. ಚೆಂಡು ಫಿಲಡೆಲ್ಫಿಯದ ಕೈಯಲ್ಲಿ. ಗೆರೆಯ ಹೊರಗಿನಿಂದ ಎಸೆದ ಚೆಂಡನ್ನು ಜಾನ್ ಹ್ಯಾವ್ಲಿಚೆಕ್ ನಡುವೆ ಬಂದು ತಟ್ಟಿದನು. 110-109. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನು 1966-67ನೆಯ ಸಾಲು. ನನ್ನ ವಾದಕ್ಕೆ ಇದೇ ಮುಖ್ಯವಾದುದು. ತರಬೇತುದಾರ ಅಲೆಕ್ಸ್ ಹ್ಯಾನಮ್ ಹೇಳಿದಂತೆ ಚೇಂಬರ್ಲೇನನು ತಾನು ಎಸೆಯುವುದನ್ನು ಕಡಿಮೆ ಮಾಡಿ ಜೊತೆಗಾರರಿಗೆ ಚೆಂಡನ್ನು ಹಂಚತೊಡಗಿದನು. ಏಳು ವರ್ಷ ಎಡೆಬಿಡದೆ ಅತಿ ಹೆಚ್ಚು ಅಂಕ ಗಳಿಸಿದವನೆಂಬ ಹೆಸರನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಸರಾಸರಿ 24.1ಕ್ಕೆ ಇಳಿಯಿತು, ತಂಡ 68 ಗೆದ್ದು 13 ಮಾತ್ರ ಸೋತಿತು. ಬೋಸ್ಟನ್ನನ್ನು 4-1ರಲ್ಲಿ ಮುರಿದು, ಎಂಟು ವರ್ಷಗಳ ಅದರ ಆಳ್ವಿಕೆಯನ್ನು ನಿಲ್ಲಿಸಿ, ಕೊನೆಗೆ ತನ್ನ ಹಳೆಯ ವಾರಿಯರ್ಸನ್ನೇ 4-2ರಲ್ಲಿ ಸೋಲಿಸಿ ಆತನು ಮೊದಲ ಪ್ರಶಸ್ತಿಯನ್ನು ಪಡೆದನು.

ಆ ಸಾಲಿನಲ್ಲಿ ಹತ್ತು ತಂಡಗಳಿದ್ದುವು. ಪ್ರತಿ ತಂಡವೂ ಉಳಿದ ಒಂಬತ್ತರೊಡನೆ ಒಂಬತ್ತು ಒಂಬತ್ತು ಸಲ ಆಡಿತು. ಹೋಲಿಕೆಗೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಸಿಗಲಾರದು. ಪೂರ್ವ ಪಶ್ಚಿಮಗಳು ಎದುರಾದ 225 ಪಂದ್ಯಗಳಲ್ಲಿ ಪೂರ್ವಕ್ಕೆ 133, ಪಶ್ಚಿಮಕ್ಕೆ 92 ಗೆಲವು. ಪೂರ್ವ ಬಲಿಷ್ಠವೆಂದು ಇಲ್ಲಿಗೇ ತೀರ್ಪು ಬರೆಯಬಹುದು. ಆದರೆ ಪೂರ್ವವನ್ನು ಬಿಡಿಸಿ ನೋಡಬೇಕು. ಫಿಲಡೆಲ್ಫಿಯ, ಬೋಸ್ಟನ್ ಎರಡೇ ಸೇರಿ 128 ಗೆಲವು, 34 ಸೋಲು. ಪೂರ್ವದ ಉಳಿದ ಮೂರು ತಂಡಗಳಿಗೆ 95 ಗೆಲವು, 148 ಸೋಲು, ನೂರಕ್ಕೆ 39. ಪಶ್ಚಿಮದ ಐದು ತಂಡಗಳು ನೂರಕ್ಕೆ 45ರಷ್ಟು ಗೆದ್ದಿದ್ದುವು. ಎಂದರೆ ಪೂರ್ವದ ಬಲವೆಂಬುದು ಎರಡು ಮನೆಗಳ ಬಲ, ಊರಿನ ಬಲವಲ್ಲ. ಆ ಎರಡು ಮನೆಗಳೋ ಒಂದೇ ಬೀದಿಯಲ್ಲಿದ್ದುವು. ಕೂಟದ ಅತ್ಯುತ್ತಮ ತಂಡಗಳೆರಡು ಕೊನೆಯ ಸರಣಿಯಲ್ಲಿ ಎದುರಾಗಲು ಸಾಧ್ಯವೇ ಇರಲಿಲ್ಲ. ಒಂದನ್ನು ಇನ್ನೊಂದು ಅದಕ್ಕೆ ಮೊದಲೇ ತೆಗೆದುಹಾಕಬೇಕಾಗಿತ್ತು.

ಇದನ್ನು ಆತನ ಬಾಳಿಗೆ ಹೊಂದಿಸಿದರೆ ಹೀಗಾಗುತ್ತದೆ. ಆತನು ಆಡಿದ ಹದಿನಾಲ್ಕು ಸಾಲುಗಳಲ್ಲಿ ಏಳನ್ನು ಪೂರ್ವದಲ್ಲಿ ಮುಗಿಸಿದನು, ಏಳನ್ನು ಪಶ್ಚಿಮದಲ್ಲಿ. ಪೂರ್ವದವನಾಗಿ ಅಂತಿಮ ಸರಣಿ ಮುಟ್ಟಿದ್ದು ಒಂದೇ ಸಲ. ಪಶ್ಚಿಮದವನಾಗಿ ಐದು ಸಲ. ಮನುಷ್ಯ ಒಬ್ಬನೇ. ಪೂರ್ವದಲ್ಲಿದ್ದಾಗ ಐದು ಸಲ ಆತನನ್ನು ಹೊರಗೆ ಹಾಕಿದವರು ಬೋಸ್ಟನ್ನಿನವರು; ಆ ಐದು ಸಲವೂ ಕೊನೆಗೆ ಪ್ರಶಸ್ತಿ ಗೆದ್ದವರು ಅವರೇ. ಸೋಲಿನ ಸರದಾರನೆಂದು ಕರೆಯುವವರು ಈ ಸಂಗತಿಯನ್ನೇಕೆ ಹೇಳುವುದಿಲ್ಲವೋ ತಿಳಿಯದು.

ಹಾಗೆಂದು ಆತನಲ್ಲಿ ದೋಷವಿರಲಿಲ್ಲವೆಂದಲ್ಲ. 1968ರಲ್ಲಿ ಫಿಲಡೆಲ್ಫಿಯ 3-1ರ ಮುನ್ನಡೆಯಲ್ಲಿದ್ದು, ಮುಂದಿನ ಮೂರು ಪಂದ್ಯಗಳನ್ನೂ ಬೋಸ್ಟನ್ನಿಗೆ ಸೋತಿತು. ಏಳನೆಯ ಪಂದ್ಯದ ಉತ್ತರಾರ್ಧದಲ್ಲಿ ಚೇಂಬರ್ಲೇನನು ಬಳೆಯತ್ತ ಚೆಂಡೆಸೆದದ್ದು ಎರಡೇ ಸಲ. ಹಂಚಿ ಆಡುವುದನ್ನು ಕಲಿತವನಿಗೆ ಹಂಚದೆ ಇರಬೇಕಾದ ಹೊತ್ತು ಯಾವುದೆಂಬುದು ಅಂದು ತಿಳಿಯಲಿಲ್ಲ. ಜೊತೆಗಾರರು ಚೆಂಡು ಕೊಡಲಿಲ್ಲವೆಂಬ ಸಮಾಧಾನವೂ ಉಂಟು. ನನಗದು ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಅದೇ ವರ್ಷ ಆತನು ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ಹೋದನು. ಎರಡನೆಯ ಬಾರಿ ಪಶ್ಚಿಮದವನಾದನು. ಜೆರಿ ವೆಸ್ಟ್, ಎಲ್ಜಿನ್ ಬೇಲರ್ ಅವರ ಜೊತೆಗೆ ಈತನೂ ಸೇರಿದ ಮೇಲೆ ಪಶ್ಚಿಮವನ್ನು ತಡೆಯುವವರಿಲ್ಲವೆಂದು ಎಲ್ಲರೂ ತಿಳಿದರು. 1968-69ರಲ್ಲಿ ಲೇಕರ್ಸ್ 55 ಗೆದ್ದು 27 ಸೋತಿತು. ಚೇಂಬರ್ಲೇನನನ್ನು ಕಳೆದುಕೊಂಡ ಫಿಲಡೆಲ್ಫಿಯವೂ 55 ಗೆದ್ದು 27 ಸೋತಿತು! ಆ ಸಾಲಿನಲ್ಲಿ ಪೂರ್ವದ ಮಿಗತೆ 54. ಈ ಬಾರಿ ಅದು ಎರಡು ಮನೆಗಳ ಬಲವಾಗಿರಲಿಲ್ಲ. ಬಾಲ್ಟಿಮೋರ್, ಫಿಲಡೆಲ್ಫಿಯ, ನ್ಯೂಯಾರ್ಕ್‌ಗಳ ಹಿಂದೆ ನಾಲ್ಕನೆಯದಾಗಿ ನಿಂತಿದ್ದ ತಂಡವೇ ಬೋಸ್ಟನ್. ಆ ನಾಲ್ಕನೆಯ ತಂಡವು ಪೂರ್ವವನ್ನು ದಾಟಿ ಬಂದು ಪಶ್ಚಿಮದ ಮೊದಲನೆಯ ತಂಡವನ್ನು ಏಳನೆಯ ಪಂದ್ಯದಲ್ಲಿ 108-106ರಲ್ಲಿ ಸೋಲಿಸಿತು. ಗೆಲವಿನ ಸಂಭ್ರಮಕ್ಕೆಂದು ಲೇಕರ್ಸ್ ಒಡೆಯರು ಕ್ರೀಡಾಂಗಣದ ಛಾವಣಿಗೆ ಕಟ್ಟಿಸಿದ್ದ ಬೆಲೂನುಗಳು ಅಲ್ಲಿಯೇ ಉಳಿದುವು. ಕೊನೆಯ ಐದಾರು ನಿಮಿಷಗಳಿರುವಾಗ ಮೊಣಕಾಲು ನೋವಾಗಿ ಹೊರಗೆ ಕುಳಿತ ಚೇಂಬರ್ಲೇನನು ಮತ್ತೆ ಬರುತ್ತೇನೆಂದರೂ ತರಬೇತುದಾರನು ಒಪ್ಪಲಿಲ್ಲ.

ಬೋಸ್ಟನ್ನಿನೆದುರು ಏಳನೆಯ ಪಂದ್ಯಕ್ಕೆ ಬಂದು ಆತನ ತಂಡ ಸೋತದ್ದು ಒಟ್ಟು ನಾಲ್ಕು ಸಲ. ಅಂತರ ಎರಡು, ಒಂದು, ನಾಲ್ಕು, ಎರಡು. ಕೂಡಿದರೆ ಒಂಬತ್ತು ಅಂಕ.

ರಸೆಲನು ಆ ಪಂದ್ಯದೊಡನೆ ನಿವೃತ್ತನಾದನು. ಅದುವರೆಗೆ ಇಬ್ಬರೂ ಸ್ನೇಹಿತರು. ಒಬ್ಬರ ಮನೆಯಲ್ಲಿ ಒಬ್ಬರು ಉಂಡವರು. ಮೊಣಕಾಲಿನ ನೋವಿಗೆ ಅಂಥ ಪಂದ್ಯವನ್ನು ಬಿಟ್ಟು ಕೂರಬಾರದಿತ್ತೆಂದು ರಸೆಲನು ಬಹಿರಂಗವಾಗಿ ಆಡಿದ ಮಾತಿನಿಂದ ಆ ಸ್ನೇಹ ಒಡೆಯಿತು. ಇಪ್ಪತ್ತು ವರ್ಷಗಳಷ್ಟು ಕಾಲ ಇಬ್ಬರಿಗೂ ಮಾತಿಲ್ಲ. ಪೂರ್ವಪಶ್ಚಿಮಗಳ ಜಗಳಕ್ಕೆ ತೆತ್ತ ಬೆಲೆಗಳಲ್ಲಿ ನನಗೆ ಅತಿ ದುಬಾರಿಯೆನಿಸುವುದು ಇದು.

1970ರಲ್ಲಿ ಹೊಸ ತಂಡಗಳು ಸೇರಿ ಗಡಿಗಳನ್ನು ಮತ್ತೆ ಬರೆದರು. ಪೂರ್ವದಲ್ಲಿದ್ದ ಮಿಲ್ವಾಕಿ, ಡೆಟ್ರಾಯಿಟ್‌ಗಳು ಪಶ್ಚಿಮಕ್ಕೆ ಹೋದುವು. ಅಟ್ಲಾಂಟ ಪೂರ್ವಕ್ಕೆ ಬಂದಿತು. ಹೊಸದಾಗಿ ಹುಟ್ಟಿದ ಬಫಲೋ, ಕ್ಲೀವ್‌ಲ್ಯಾಂಡ್‌ಗಳೂ ಪೂರ್ವದ ಪಾಲಾದುವು. 1970-71ರಲ್ಲಿ ಪಶ್ಚಿಮಕ್ಕೆ 406 ಗೆಲವು, 332 ಸೋಲು. ಎರಡು ವರ್ಷದ ಹಿಂದೆ ಪೂರ್ವದ ಕಡೆಗಿದ್ದ 54ರ ಮಿಗತೆ ಪಶ್ಚಿಮದ ಕಡೆಗೆ 74 ಆಯಿತು. ಪಶ್ಚಿಮದಲ್ಲಿ 48 ಗೆದ್ದ ಫೀನಿಕ್ಸ್ ಮನೆಗೆ ಹೋಯಿತು. ಪೂರ್ವದಲ್ಲಿ 36 ಗೆದ್ದ ಅಟ್ಲಾಂಟ ಮುಂದಿನ ಸುತ್ತಿಗೆ ಹೋಯಿತು. ಆ ವರ್ಷ ಚೇಂಬರ್ಲೇನನನ್ನು ತಡೆದದ್ದು ಪಶ್ಚಿಮದೊಳಗಿನ ಮಿಲ್ವಾಕಿ. ಅಲ್ಲಿ ಆಗ ತರುಣ ಕರೀಮ್ ಅಬ್ದುಲ್ ಜಬ್ಬಾರನೂ, ಸಿನ್‌ಸಿನಾಟಿಯಿಂದ ಬಿಡುಗಡೆ ಪಡೆದ ರಾಬರ್ಟ್‌ಸನ್ನನೂ ಇದ್ದರು. ಪಶ್ಚಿಮವನ್ನು ದಾಟಿದ ಮಿಲ್ವಾಕಿಗೆ ಪೂರ್ವದ ಬಾಲ್ಟಿಮೋರನ್ನು ನಾಲ್ಕಕ್ಕೆ ನಾಲ್ಕು ಗೆಲ್ಲುವುದು ಕಷ್ಟವಾಗಲಿಲ್ಲ.

1971-72ರಲ್ಲಿ ಲೇಕರ್ಸ್ ಎಡೆಬಿಡದೆ 33 ಪಂದ್ಯಗಳನ್ನು ಗೆದ್ದಿತು. ಒಟ್ಟು 69 ಗೆಲವು, 13 ಸೋಲು. ಮೂವತ್ತೈದು ತುಂಬಿದ್ದ ಚೇಂಬರ್ಲೇನನು ಈಗ ಅಂಕ ಗಳಿಸುವ ಗೋಜಿಗೆ ಹೋಗದೆ ರಸೆಲನಂತೆ ಬಳೆ ಕಾಯುವವನಾಗಿದ್ದನು. ಮಿಲ್ವಾಕಿಯನ್ನು 4-2ರಲ್ಲಿ, ನ್ಯೂಯಾರ್ಕನ್ನು 4-1ರಲ್ಲಿ ಸೋಲಿಸಿ ಎರಡನೆಯ ಪ್ರಶಸ್ತಿಯನ್ನು ಪಡೆದನು. ಕೊನೆಯ ಪಂದ್ಯವನ್ನು ಆಡಿದ್ದು ಪೆಟ್ಟಾದ ಕೈಯಿಂದ. ಅಂದು 24 ಅಂಕ, 29 ರೀಬೌಂಡ್. ಒಂದು ಪ್ರಶಸ್ತಿ ಪೂರ್ವದವನಾಗಿ, ಒಂದು ಪಶ್ಚಿಮದವನಾಗಿ.

1973ರಲ್ಲಿ ಆತನು ಎನ್.ಬಿ.ಎ.ಯ ಪ್ರತಿಸ್ಪರ್ಧಿಯಾದ ಎ.ಬಿ.ಎ. ಕೂಟದ ಸಾನ್ ಡಿಯಾಗೋ ತಂಡಕ್ಕೆ ಹೋದನು. ಲೇಕರ್ಸ್‌ನವರು ನ್ಯಾಯಾಲಯಕ್ಕೆ ಹೋಗಿ ಆಟವನ್ನು ತಡೆದುದರಿಂದ ಒಂದು ವರ್ಷ ತರಬೇತುದಾರನಾಗಿ ಮಾತ್ರ ಇದ್ದು ಬಿಟ್ಟನು. ಆತನು ಗಳಿಸಿದ 31,419 ಅಂಕಗಳ ದಾಖಲೆಯನ್ನು 1984ರಲ್ಲಿ ಕರೀಮನು ಮುರಿದನು. 23,924 ರೀಬೌಂಡುಗಳನ್ನು ಯಾರೂ ಮುಟ್ಟಿಲ್ಲ.

ರಸೆಲನೊಡನೆ ಕೊನೆಗೆ ರಾಜಿಯಾಯಿತು. 1999ರ ಅಕ್ಟೋಬರ್ 12ರಂದು ಲಾಸ್ ಏಂಜಲೀಸಿನ ತನ್ನ ಮನೆಯಲ್ಲಿ, ಅರುವತ್ತಮೂರನೆಯ ವಯಸ್ಸಿನಲ್ಲಿ, ಹೃದಯ ನಿಂತು ಚೇಂಬರ್ಲೇನನು ತೀರಿಕೊಂಡನು. ಆತನು ತೊಟ್ಟ 13ನೆಯ ಸಂಖ್ಯೆಯ ಅಂಗಿಯನ್ನು ಮೂರು ತಂಡಗಳು ಇನ್ನಾರಿಗೂ ಕೊಡದೆ ಮೀಸಲಿಟ್ಟಿವೆ. ಅವುಗಳಲ್ಲಿ ಎರಡು ಪಶ್ಚಿಮದವು, ಒಂದು ಪೂರ್ವದ್ದು.