ಕಸದಿಂದ ರಸ ತೆಗೆದ ಸರ್ ಎಂ. ವಿಶ್ವೇಶ್ವರಯ್ಯನವರು

ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆ ಕಟ್ಟಿಸಿದರು ಅಂತ ನಮ್ಮ ಸಾಲಿ ಹುಡುಗರೂ ಹೇಳ್ತಾರೆ. ಆದರೆ ನೀರು, ಕಟ್ಟಿಗೆ, ಕಡೆಗೆ ಹೊಗೆ ಕೂಡ ದಂಡ ಆಗಬಾರದು ಅಂತ ಲೆಕ್ಕ ಹಾಕಿ ಕೆಲಸ ಮಾಡಿದವರು ಅವರು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅದನ್ನೇ ನಾಲ್ಕು ಮಾತಿನಲ್ಲಿ ಬರೆಯುತ್ತಿದ್ದೇವೆ.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ. ಬೆಂಗಳೂರಿನಲ್ಲಿ ಓದಿ, ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರಕಾರದ ನೌಕರಿಗೆ ಸೇರಿದರು. ಅಲ್ಲಿನ ಕಾಲುವೆಗಳಲ್ಲಿ ಮೇಲಿನವರು ಕಬ್ಬಿಗೆ ಬೇಕಾದಷ್ಟು ನೀರು ಹಾಯಿಸೋರು. ಅವರ ಹೊಲ ಜವಳು ಹಿಡಿದು ಸವಳಾಗೋದು, ಕೆಳಗಿನವರಿಗೆ ನೀರೇ ಮುಟ್ಟುತ್ತಿರಲಿಲ್ಲ. ಇದಕ್ಕೆ ಅವರು ಬ್ಲಾಕ್ ಪದ್ಧತಿ ತಂದರು. ಒಂದು ಕಡೆ ಸೇರಿದ ಹೊಲಗಳನ್ನು ಬ್ಲಾಕ್ ಮಾಡಿ, ಅದರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ. ವರ್ಷದ ಮೇಲೆ ಪಾಳಿ ಬದಲು. ಮೊದಮೊದಲು ರೈತರು ಒಪ್ಪಲಿಲ್ಲ. ಅವರು ರೈತರ ಜೊತೆ ಕುಂತು ಮಾತಾಡಿ ತಿಳಿಹೇಳಿದರು.

1908ರಲ್ಲಿ ಮೂಸಿ ನದಿಗೆ ಮಹಾಪೂರ ಬಂದು ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಮ್ಮ ಮಾನ್ವಿ ಸೀಮೆಯೂ ಆಗ ನಿಜಾಮರ ಆಡಳಿತದಲ್ಲೇ ಇತ್ತು. ಮರುವರ್ಷ ನಿಜಾಮ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಪೂರದ ನೀರನ್ನು ಮೇಲೆಯೇ ತಡೆದು ನಿಲ್ಲಿಸುವ ಯೋಜನೆ ಕೊಟ್ಟರು. ಅದರಿಂದ ಆದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳು ಮುಂದೆ ಪಟ್ಟಣಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಕೊಲ್ಲುವ ನೀರೇ ಕಾಯುವ ನೀರಾಯಿತು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅಲ್ಲಿವರೆಗೆ ಮೈಸೂರಿನ ಶ್ರೀಗಂಧ ಎಣ್ಣೆ ತೆಗೆಯಲು ಜರ್ಮನಿ ಕಡೆ ಹೋಗುತ್ತಿತ್ತು. 1914ರ ಮಹಾಯುದ್ಧದಿಂದ ಮಾರಾಟ ನಿಂತಿತು. ಆಗ 1916ರಲ್ಲಿ ಬೆಂಗಳೂರಲ್ಲೇ ಎಣ್ಣೆ ಕಾರ್ಖಾನೆ ಆಯಿತು. ಎಣ್ಣೆ ಸಾಬೂನಿಗೆ ಬಂತು. ಎಣ್ಣೆ ತೆಗೆದು ಉಳಿಯುವ ಗಂಧದ ಪುಡಿಯೂ ದಂಡ ಅಲ್ಲ, ಊದುಬತ್ತಿಗೆ ಬರುತ್ತದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಕಲ್ಲಿದ್ದಲು ಇಲ್ಲದ ಸೀಮೆ, ಆದ್ದರಿಂದ ಕಟ್ಟಿಗೆ ಇದ್ದಿಲೇ ಗತಿ. ನಾವು ಇದ್ದಿಲು ಸುಟ್ಟರೆ ಹೊಗೆ ಆಕಾಶಕ್ಕೆ ಹೋಗ್ತದೆ. ಅಲ್ಲಿ ಹಾಗಲ್ಲ. ಕಟ್ಟಿಗೆಯನ್ನು ಗಾಳಿಯಾಡದ ಕಬ್ಬಿಣದ ಕೋಣೆಯಲ್ಲಿ ಕಾಯಿಸಿ, ಹೊಗೆಯನ್ನು ತಣಿಸಿ, ಅದರಿಂದ ಮರದ ಸ್ಪಿರಿಟ್, ಡಾಂಬರು, ಕ್ಯಾಲ್ಸಿಯಂ ಅಸಿಟೇಟ್ ತೆಗೆದು ಮಾರುತ್ತಿದ್ದರು. ಕಬ್ಬಿಣದ ದರ ಬಿದ್ದು ಕಾರ್ಖಾನೆ ನಷ್ಟದಲ್ಲಿದ್ದಾಗ ವಿಶ್ವೇಶ್ವರಯ್ಯನವರೇ ಅದರ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಆದರೂ ನಿಜ ಹೇಳಬೇಕಂದ್ರೆ, ಎಷ್ಟು ಜಾಣತನ ಮಾಡಿದರೂ ಇದ್ದಿಲಿಗೆ ಕಾಡು ಕಡಿಯಲೇಬೇಕು. ಕಡಿದ ಕಾಡು ಬೆಳೆಯಲು ತಲೆಮಾರು ಬೇಕು. 1950ರ ದಶಕದಲ್ಲಿ ಅಲ್ಲಿಗೆ ಕರೆಂಟಿನ ಕುಲುಮೆಗಳು ಬಂದವು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. 1955ರಲ್ಲಿ ಭಾರತರತ್ನ ಬಂದಿತ್ತು.

ಇದನ್ನೆಲ್ಲ ನಮ್ಮ ಊರಿಗೆ ಯಾಕೆ ಹೇಳಬೇಕು? ತುಂಗಭದ್ರಾ ಎಡದಂಡೆ ಕಾಲುವೆಯನ್ನು ಜ್ವಾಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಲೆಕ್ಕ ಹಿಡಿದೇ ಮಾಡಿದ್ದು. 1953ರಲ್ಲಿ ನೀರು ಬಂದ ಮೇಲೆ ಮೇಲ್ಭಾಗದಲ್ಲಿ ನೆಲ್ಲು ಹೆಚ್ಚಾಯಿತು. ಕೆಲವು ಹೊಲ ಸವಳಾದವು. ಮಾನ್ವಿ, ರಾಯಚೂರು ಸೀಮೆಯ ಕೊನೆ ಭಾಗದ ರೈತರು ನೀರಿಗಾಗಿ ಕಾಯುತ್ತಾ ಕುಂತರು. ಆ ದೊಡ್ಡವರು ಪುಣೆ ಸೀಮೆಯಲ್ಲಿ ಕಂಡ ರೋಗವೇ ಇದು. ಔಷಧಿಯೂ ಅದೇ.

ಒಂದು ತೂಬಿನ ರೈತರೆಲ್ಲ ಕೂಡಿ ಕುಂತು, ಯಾರ ಹೊಲಕ್ಕೆ ಈ ವರ್ಷ ನೆಲ್ಲು, ಯಾರ ಹೊಲಕ್ಕೆ ಜ್ವಾಳ ಅಂತ ಪಾಳಿ ಹಚ್ಚಿಕೊಂಡರೆ ಕೊನೆಯ ಹೊಲಕ್ಕೂ ನೀರು ಮುಟ್ಟುತ್ತದೆ. ಮಿಲ್ಲಿನ ಹೊಟ್ಟು, ಗದ್ದಿಯಲ್ಲಿ ಸುಡುವ ಹುಲ್ಲು ಇವೂ ಇದೇ ಲೆಕ್ಕಕ್ಕೆ ಸೇರಿದವು. ಒಬ್ಬನಿಂದ ಆಗದ್ದನ್ನು ಕೂಡಿ ಮಾಡಲಿಕ್ಕೇ ಸಹಕಾರಿ ಸಂಘ ಇರೋದು. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ಮಾತು ಎತ್ತೋಣ, ಸದಸ್ಯರೆಲ್ಲ ತಪ್ಪದೆ ಬರಬೇಕೆಂದು ವಿನಂತಿಸುತ್ತೇವೆ.