ಉಳುವವನ ಪರ ನಿಂತ ದೇವರಾಜ ಅರಸು

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ನಾಡಿನ ಬಡಜನರ ಬಾಳಿಗೆ ಹೊಸ ದಾರಿ ತೋರಿದವರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ. ಅಂಥವರಲ್ಲಿ ದಿವಂಗತ ಡಿ. ದೇವರಾಜ ಅರಸು ಅವರು ಪ್ರಮುಖರು.

ಅರಸು ಅವರು 1915ರ ಆಗಸ್ಟ್ 20ರಂದು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಬಳಿಕ ಸರ್ಕಾರಿ ನೌಕರಿಯನ್ನು ಅರಸಿ ಹೋಗದೆ ಊರಿಗೆ ಮರಳಿ ಬೇಸಾಯದಲ್ಲಿ ತೊಡಗಿದರು. ಮಳೆ ತಪ್ಪಿದಾಗ, ಸಾಲಗಾರ ಬಾಗಿಲಿಗೆ ಬಂದಾಗ ರೈತನ ಮನೆಯ ಸ್ಥಿತಿ ಏನಾಗುವುದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಅನುಭವಿಸಿದರು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಯನ್ನು ಪ್ರವೇಶಿಸಿದರು.

1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಹಿರಿಯ ನಾಯಕರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರೊಡನೆ ನಿಂತರು. ಅರಸು ಅವರಾದರೋ ಇಂದಿರಾ ಗಾಂಧಿಯವರ ಪಕ್ಷವನ್ನು ಇಲ್ಲಿ ಹೊಸದಾಗಿ ಕಟ್ಟಿದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಗಳಾದರು. ಸಂಖ್ಯಾಬಲವಾಗಲಿ ಭೂಬಲವಾಗಲಿ ಇಲ್ಲದ ಸಮುದಾಯದಿಂದ ಬಂದ ಅವರು, ಅಂತಹುದೇ ಸಣ್ಣ ಸಮುದಾಯಗಳವರನ್ನು ಹುಡುಕಿ ಶಾಸನಸಭೆಗೂ ಮಂತ್ರಿಮಂಡಲಕ್ಕೂ ಕರೆತಂದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದದ್ದೂ ಅವರ ಕಾಲದಲ್ಲಿಯೇ.

ಅವರ ಕಾರ್ಯಗಳಲ್ಲಿ ಹಿರಿದಾದುದು ಭೂಸುಧಾರಣೆ. 1961ರ ಕಾಯಿದೆಯು ಹೆಸರಿಗಷ್ಟೇ ಎಂಬಂತಿತ್ತು. ತಿದ್ದುಪಡಿಯಾದ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅಂದೇ ಗೇಣಿ ಜಮೀನುಗಳೆಲ್ಲ ಸರ್ಕಾರದ ವಶವಾದವು. ಗೇಣಿದಾರನು 7ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ತಾನು ಉಳುತ್ತಿದ್ದ ನೆಲದ ಹಕ್ಕನ್ನು ಕೇಳಬಹುದಾಗಿತ್ತು. ವಿಚಾರಣೆಗೆ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಅವುಗಳಲ್ಲಿ ಪರಿಶಿಷ್ಟರಿಗೂ ಸ್ಥಾನವಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ ಬಡವನು ತನ್ನ ಮಾತಿನಲ್ಲೇ ತನ್ನ ಅಹವಾಲನ್ನು ಹೇಳಿಕೊಂಡನು. ಬಂದ ಅರ್ಜಿಗಳು ಸುಮಾರು 8 ಲಕ್ಷ.

ಈ ಕಾಯಿದೆಯ ಫಲವು ಎಲ್ಲೆಡೆಯೂ ಸಮನಾಗಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಗೇಣಿಪದ್ಧತಿ ಬೇರೂರಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಅದು ಬದುಕನ್ನೇ ಬದಲಿಸಿತು. ಗುಬ್ಬಿಯ ತೆಂಗು ಅಡಕೆ ತೋಟಗಳಲ್ಲಿ, ಕುಣಿಗಲ್ ಕೆರೆಯ ಕೆಳಗಿನ ಗದ್ದೆಗಳಲ್ಲಿ, ರಾಗಿಯ ಹೊಲಗಳಲ್ಲಿ ಕೂಲಿ ಮಾಡುವವನಿಗೆ ಗೇಣಿಚೀಟಿಯೂ ಇರಲಿಲ್ಲ. ಆದುದರಿಂದ ಕೇಳಲು ಹಕ್ಕೂ ಇರಲಿಲ್ಲ. ನಮ್ಮಂಥ ಬಯಲುಸೀಮೆಯ ಬಡವರಿಗೆ ಹೆಚ್ಚು ಹತ್ತಿರವಾದುದು 1976ರ ಋಣಪರಿಹಾರ ಕಾಯಿದೆ. ಸಣ್ಣ ರೈತರೂ ಭೂಹೀನ ಕೂಲಿಗಾರರೂ ಅದರಿಂದ ಸಾಲದ ಹೊರೆಯನ್ನು ಇಳಿಸಿಕೊಂಡರು, ಒತ್ತೆಯಿಟ್ಟ ಒಡವೆಗಳನ್ನು ಮರಳಿ ಪಡೆಯುವ ಅವಕಾಶ ಪಡೆದರು. ಹಾವನೂರ ಆಯೋಗದ 1975ರ ವರದಿಯು ಹಿಂದುಳಿದವರ ಮೀಸಲಾತಿಗೆ ಭದ್ರ ಬುನಾದಿ ಹಾಕಿತು.

ಅವರ ಬಾಳಿನಲ್ಲಿ ಕಳಂಕವಿರಲಿಲ್ಲವೆಂದು ನಾವು ಬರೆಯಲಾರೆವು. ತುರ್ತುಪರಿಸ್ಥಿತಿಯಲ್ಲಿ ಅವರ ಸರ್ಕಾರವೇ ವಿರೋಧಿಗಳನ್ನು ಸೆರೆಗೆ ನೂಕಿತು. ಸ್ವಜನಪಕ್ಷಪಾತದ ಆಪಾದನೆಗಳನ್ನು ಗ್ರೋವರ್ ಆಯೋಗವು ವಿಚಾರಿಸಿತು. 1977ರ ಕೊನೆಯಲ್ಲಿ ಅಧಿಕಾರ ಹೋಯಿತು. 1978ರಲ್ಲಿ ಜನರೇ ಮತ್ತೆ ಆರಿಸಿ ಕಳಿಸಿದರು. 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷ ನೆಲಕಚ್ಚಿ ಅವರು ಪದವಿಯನ್ನು ಬಿಟ್ಟರು. 1982ರ ಜೂನ್ 6ರಂದು ಬೆಂಗಳೂರಿನಲ್ಲಿ ನಿಧನರಾದರು.

ರೈತನಲ್ಲದವನು ಬೇಸಾಯದ ಜಮೀನನ್ನು ಕೊಳ್ಳಬಾರದೆಂಬ ಕಟ್ಟು 2020ರ ತಿದ್ದುಪಡಿಯಿಂದ ಸಡಿಲವಾಯಿತು. ನೆಲದ ಬೆಲೆ ಏರಿ, ಹೊಲಗಳು ನಿವೇಶನಗಳಾಗುತ್ತಿರುವ ಈ ದಿನಗಳಲ್ಲಿ ನೆಲ ಯಾರದೆಂಬ ಪ್ರಶ್ನೆ ಮತ್ತೆ ನಮ್ಮ ಮುಂದೆ ನಿಂತಿದೆ. ಒಬ್ಬ ಬೇಸಾಯಗಾರ ಮುಖ್ಯಮಂತ್ರಿಯು ಈ ಪ್ರಶ್ನೆಗೆ ಬಡವನ ಕಡೆಯಿಂದ ಉತ್ತರ ಹುಡುಕಿದ್ದನ್ನು ನಮ್ಮ ಕಿರಿಯರು ತಿಳಿದಿರಲೆಂಬುದೇ ನಮ್ಮ ಆಶಯ.